ಹೆದರುತ್ತಲೇ ಎಂ.ಲಿಬ್. ಮಾಡಿದವರು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹಳೆಯ ಕ್ಯಾಟಲಾಗ್ ಕಾರ್ಡುಗಳನ್ನು ವರ್ಷಗಟ್ಟಲೆ ತಿರುವಿ, ಪುಸ್ತಕಗಳ ಧೂಳು ಒರೆಸಿ, ಅಲ್ಲಿಯ ಚರ್ಮ ಬಸ್ಸಿನ ಕಂಬಿಯ ಹಾಗೆ ನುಣ್ಣಗಾಗಿ ಹೊಳೆಯುತ್ತಿತ್ತು. ಕಾಲೇಜಿನಲ್ಲಿ ಹಾಜರಿಗೆ ಬೆರಳಚ್ಚಿನ ಯಂತ್ರ ಬಂದ ದಿನ ಪ್ರಿನ್ಸಿಪಾಲರಿಂದ ಹಿಡಿದು ಶಿಪಾಯಿಯವರೆಗೆ ಎಲ್ಲರನ್ನೂ ಅದು ಗುರುತಿಸಿತು, ಅವರನ್ನು ಮಾತ್ರ ಇಲ್ಲ. ಒರೆಸಿ ಇಟ್ಟರು, ಬಾಯಿಂದ ಊದಿ ಬಿಸಿ ಮಾಡಿ ಇಟ್ಟರು, ಸೆರಗಿನಲ್ಲಿ ತಿಕ್ಕಿ ಇಟ್ಟರು. ಯಂತ್ರ ಕೆಂಪು ದೀಪ ತೋರಿಸುತ್ತಲೇ ಇತ್ತು. ಹಿಂದೆ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿ, ಬಣ್ಣಗೆಟ್ಟ ಮುಖದಲ್ಲಿ ಪಿಸುಗುಟ್ಟಿದರು: "ನಾನು ಇಲ್ಲ ಅಂತ ಹೇಳ್ತದೆ ಮಾರಾಯ್ರೆ ಇದು."

ಇದು ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಹೊರಟರೆ ಕೈ ತಡೆಯುತ್ತದೆ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುವಾಗ ನಾನು ಗಟ್ಟಿಯಾಗಿ ಕಲಿತದ್ದು ಒಂದೇ ಪಾಠ. ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸಬೇಕು. ಆ ಪಾಠವನ್ನು ಬೇರೆಯವರ ಮೇಲೆ ಪ್ರಯೋಗಿಸಿ ಪ್ರಯೋಗಿಸಿ ಈಗ ಅದು ನನ್ನ ಮೇಲೆಯೇ ತಿರುಗಿದೆ. ಅವರು ಅಂದು ಉಟ್ಟದ್ದು ನೀಲಿ ಸೀರೆ ಎಂದು ನನ್ನ ಮನಸ್ಸು ಹೇಳುತ್ತದೆ. ಅವರು ನೀಲಿ ಉಡುತ್ತಿರಲೇ ಇಲ್ಲ ಎಂದು ಅವರ ಮಗಳು ಹೇಳುತ್ತಾಳೆ. ಹೀಗಾಗಿ ಓದುವವರು ಬಣ್ಣಗಳನ್ನು ನಂಬಬೇಡಿ. ಹೆದರಿಕೆಯನ್ನು ನಂಬಿ. ಅದು ಅವರಲ್ಲಿ ಇತ್ತು, ಅದನ್ನು ಕಂಡ ಸಾಕ್ಷಿ ನಾನೊಬ್ಬನೇ ಅಲ್ಲ.

ಮುಂಬೈ ಹತ್ತಿರದ ಠಾಣೆ ನಗರದ ಕೆರೆಯಿಂದ ಸ್ವಲ್ಪ ದೂರದ ಒಂದು ಕಾಲೇಜು. ಅದರ ಎರಡನೆಯ ಮಹಡಿಯ ಗ್ರಂಥಾಲಯಕ್ಕೆ ಅವರು ಲೈಬ್ರರಿಯನ್, ನಾನು ಅವರ ಕೈಕೆಳಗಿನ ಸಹಾಯಕ. ಎಲ್ಲರಿಗೂ ಅವರು ಮೇಡಂ, ನನಗೂ ಮೇಡಂ. ಉಡುಪಿ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು, ಅಲ್ಲಿಂದಲೇ ಗ್ರಂಥಾಲಯ ವಿಜ್ಞಾನದ ಬಿ.ಲಿಬ್. ಮುಗಿಸಿ ಕೆಲಸಕ್ಕೆ ಸೇರಿದ್ದರು. ಗಂಡ ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ನಾನು ವಿಜಯಪುರ ಕಡೆಯವನು, ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಬಂದವನು. ನನ್ನದೂ ಬಿ.ಲಿಬ್. ಅಷ್ಟೇ. ಕಲ್ಯಾಣದಲ್ಲಿ ರೂಮು. ನಮ್ಮಿಬ್ಬರ ಮಾತು ಕೇಳಿದ ಶಿಪಾಯಿ ಒಮ್ಮೆ ತಲೆ ಕೆರೆದುಕೊಂಡು ಕೇಳಿದ್ದ: "ತುಮಚಿ ಕನ್ನಡ ಏಕಚ್ ಆಹೇ ಕಾ?" ನಿಮ್ಮಿಬ್ಬರದೂ ಒಂದೇ ಕನ್ನಡವೇ ಎಂದು.

"ಇವರದ್ದು ಎಂತದೋ ರೊಟ್ಟಿ ಕನ್ನಡ," ಎಂದು ಮೇಡಂ ಪಿಸುಗುಟ್ಟಿದರು.

"ಇವರದು ಗಂಜಿ ಕನ್ನಡ," ಎಂದೆ ನಾನು. ಶಿಪಾಯಿಗೆ ಎರಡೂ ತಿಳಿಯಲಿಲ್ಲ.

ಪಿಸುಗುಟ್ಟಿದರು ಎಂದು ಮತ್ತೆ ಮತ್ತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಅವರಿಗೆ ಬೇರೆ ದನಿ ಇರಲಿಲ್ಲ. ಲೈಬ್ರರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಿಸುಮಾತು. ಮನೆಗೆ ಹೋದರೆ ಅಲ್ಲೂ ಹಾಗೆಯೇ. ಗಂಡ ನಸುಕಿನಲ್ಲಿ ಹೋಟೆಲ್ ತೆರೆಯಲು ಹೋಗಿ ಮಧ್ಯಾಹ್ನ ಬಂದು ಹಾಲಿನ ಸೋಫಾದಲ್ಲಿ ಮಲಗುವವರು. ಅವರ ನಿದ್ದೆ ಕೆಡಬಾರದೆಂದು ಆ ಪುಟ್ಟ ಫ್ಲಾಟಿನಲ್ಲಿ ಕುಕ್ಕರ್ ಕೂಡ ಮೆಲ್ಲಗೆ ಸೀಟಿ ಹೊಡೆಯುತ್ತಿತ್ತೇನೋ. ವಿದ್ಯಾರ್ಥಿಗಳು ಗದ್ದಲ ಮಾಡಿದರೆ ಮೇಡಂ ಬೈಯುತ್ತಿರಲಿಲ್ಲ. ಎದ್ದು ನಿಂತು ತುಟಿಯ ಮೇಲೆ ಬೆರಳಿಡುತ್ತಿದ್ದರು. ಇಡೀ ಹಾಲ್ ತಣ್ಣಗಾಗುತ್ತಿತ್ತು.

ಅವರು ಹೆದರದ ವಸ್ತುವೊಂದು ಇತ್ತೋ ಇಲ್ಲವೋ. ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಬಂದಾಗ ಅದರ ಬುಡದಲ್ಲಿ ನಿಂತು, ಎರಡು ಸಲ ಕಾಲೆತ್ತಿ, ಕೊನೆಗೆ ಮೆಟ್ಟಿಲಿನ ಕಡೆಗೇ ಹೋದರು. ಡೊಂಬಿವಲಿಯ ಕಾರ್ಖಾನೆಗಳ ಕಡೆಯಿಂದ ಗಾಳಿಗೆ ರಾಸಾಯನಿಕದ ವಾಸನೆ ಬಂದರೆ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮಗಳಿಗೆ ಫೋನ್ ಮಾಡಿ, ಬಂದ ವಾಸನೆ ಹೋಯಿತೇ ಎಂದು ಮತ್ತೆ ಕಿಟಕಿ ತೆರೆದು ಮೂಸುತ್ತಿದ್ದರು. ವಿಶೇಷವೆಂದರೆ ಹೆದರಿಕೆಯನ್ನು ಅವರು ಎಂದೂ ಮುಚ್ಚಿಡಲಿಲ್ಲ. ಚಹಾ ಬೇಕು ಎನ್ನುವಷ್ಟು ಸಲೀಸಾಗಿ "ನನಗೆ ಹೆದರಿಕೆ ಆಗ್ತದೆ" ಎನ್ನುತ್ತಿದ್ದರು. ನಾನು ಸಮಾಧಾನ ಹೇಳಹೋದರೆ ಅವರದು ಸಿದ್ಧ ಉತ್ತರ: "ಎಂತದೂ ಆಗ್ಲಿಕ್ಕಿಲ್ಲ, ಗೊತ್ತುಂಟು. ಆದ್ರೂ ಸ್ವಲ್ಪ ಹೆದರುವ."

ನಿಜವಾಗಿ ಹೆದರಬೇಕಾದದ್ದು ಒಂದು ಮಳೆಗಾಲದ ಕೊನೆಗೆ ಬಂತು. ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆದು ಹೇಳಿದ್ದಿಷ್ಟು. ಮುಂದಿನ ವರ್ಷ ತಪಾಸಣೆಯ ಸಮಿತಿ ಬರುತ್ತದೆ. ಲೈಬ್ರರಿಯನ್ ಹುದ್ದೆಯಲ್ಲಿರುವವರಿಗೆ ಎಂ.ಲಿಬ್. ಇರಲೇಬೇಕು ಎಂದು ಅವರು ಪಟ್ಟು ಹಿಡಿಯುತ್ತಾರೆ. ಅಷ್ಟರೊಳಗೆ ಡಿಗ್ರಿ ಆಗದಿದ್ದರೆ ಹೊರಗಿನಿಂದ ಒಬ್ಬರನ್ನು ತರಬೇಕಾಗುತ್ತದೆ. ಮೇಡಂ ಬೇಕಾದರೆ ಪುಸ್ತಕ ಕೊಡುವ ಕೌಂಟರಿನಲ್ಲಿ ಮುಂದುವರಿಯಬಹುದು.

ಅವರು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕೂತರು. ಆಮೇಲೆ ಮೇಜಿನ ಅಂಚನ್ನು ಹಿಡಿದುಕೊಂಡು ಹೇಳಿದರು: "ನಿನ್ನೆ ಮೊನ್ನೆ ಡಿಗ್ರಿ ಮುಗಿಸಿದ ಹುಡುಗಿ ಬಂದು ಇಲ್ಲಿ ಕೂತ್ಕೊಳ್ತಾಳೆ. ನಾನು ಅವಳ ಹತ್ರ ರಜೆ ಕೇಳಬೇಕು. ಅಲ್ವಾ?"

ರಜೆ ಹಾಕಿ ಕಾಲೇಜಿಗೆ ಹೋಗಿ ಓದುವುದು ಸಾಧ್ಯವಿರಲಿಲ್ಲ. ಉಳಿದದ್ದು ಆನ್‌ಲೈನ್ ಡಿಗ್ರಿ. ಆಗಿನ್ನೂ ಅದು ಹೊಸದು. ದೂರದ ಒಂದು ವಿಶ್ವವಿದ್ಯಾಲಯ ಪಾಠವನ್ನು ಕಂಪ್ಯೂಟರಿನಲ್ಲೇ ಕಲಿಸಿ, ಲಿಖಿತ ಪರೀಕ್ಷೆಯನ್ನು ಮಾತ್ರ ಠಾಣೆಯ ಕೇಂದ್ರವೊಂದರಲ್ಲಿ ನಡೆಸಿ, ಪ್ರಾಜೆಕ್ಟಿನ ವೈವಾವನ್ನು, ಎಂದರೆ ಮೌಖಿಕ ಪರೀಕ್ಷೆಯನ್ನು, ವಿಡಿಯೋ ಕರೆಯಲ್ಲೇ ಮುಗಿಸುತ್ತಿತ್ತು. ನಾವಿಬ್ಬರೂ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು ಅದರ ಜಾಲತಾಣವನ್ನು ಓದಿದೆವು. ನಗುತ್ತಿರುವ ವಿದ್ಯಾರ್ಥಿಗಳ ಚಿತ್ರಗಳೇ ಹೆಚ್ಚಿದ್ದವು. ನನಗೆ ನಂಬಿಕೆ ಬರಲಿಲ್ಲ.

"ಹಂಗಲ್ರಿ ಮೇಡಂ, ನೀವು ಕಷ್ಟಪಟ್ಟು ಮುಗಸ್ತೀರಿ. ನಾಳೆ ಸಮಿತಿಯವ್ರು ಬಂದು ಇದು ನಡಿಯೂದಿಲ್ಲ ಅಂದ್ರ ಏನ್ ಮಾಡ್ತೀರಿ?"

"ಆಗ ಹೋಗ್ತದೆ ಕುರ್ಚಿ. ಮಾಡದಿದ್ರೂ ಹೋಗ್ತದೆ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀವೂ ಸೇರಿ ಮಾರಾಯ್ರೆ. ಇಬ್ರು ಒಟ್ಟಿಗೆ ಹೆದರಿದ್ರೆ ಅರ್ಧ ಅರ್ಧ ಆಗ್ತದೆ."

"ನೀವ್ ಮೊದಲ ಮಾಡ್ರಿ. ನಾ ನೋಡ್ತೀನಿ."

"ಓ, ನೋಡಿ. ನೋಡ್ಲಿಕ್ಕೆ ನೀವು ಎಂ.ಎ. ಓದಿದ್ದು ಅಲ್ವಾ."

ಸೇರಿಯೇಬಿಟ್ಟರು. ಎಸ್ಕಲೇಟರಿಗೆ ಕಾಲಿಡದ ಹೆಂಗಸು, ಯಾರೂ ದೂಡದೆ, ಅರ್ಜಿಯ ಕೊನೆಯ ಗುಂಡಿ ಒತ್ತಿದರು. ಒತ್ತಿದ ಮೇಲೆ "ಇದನ್ನು ವಾಪಸ್ ತೆಗೀಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಓದಲು ಅವರಿಗೆ ಇದ್ದ ಜಾಗವೆಂದರೆ ಲೋಕಲ್ ರೈಲು. ಡೊಂಬಿವಲಿಯಲ್ಲಿ ಬೆಳಿಗ್ಗೆ ಹತ್ತಿದರೆ ಸೀಟಿನ ಮಾತು ಹಾಗಿರಲಿ, ಒಂದು ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಅದಕ್ಕೇ ಅಲ್ಲಿಯವರಲ್ಲಿ ಕೆಲವರು ಮೊದಲು ಹಿಂದಕ್ಕೆ, ರೈಲು ಹೊರಡುವ ಕಲ್ಯಾಣಕ್ಕೆ ಹೋಗುತ್ತಾರೆ. ಅದೇ ಡಬ್ಬಾದಲ್ಲಿ, ಎಂದರೆ ಬೋಗಿಯಲ್ಲಿ, ಇಳಿಯದೆ ಕೂತು ಮರಳಿ ಬರುತ್ತಾರೆ. ಇದಕ್ಕೆ 'ರಿಟರ್ನ್' ಎಂದು ಹೆಸರು. ಕಲ್ಯಾಣದ ಹೆಂಗಸರಿಗೆ ರಿಟರ್ನಿನವರನ್ನು ಕಂಡರೆ ಆಗದು. ತಮ್ಮ ಸೀಟನ್ನು ಡೊಂಬಿವಲಿಯವರು ಕದಿಯುತ್ತಾರೆ ಎಂದು ಜಗಳ. ಜಗಳಕ್ಕೆ ಹೆದರಿ ಎಂದೂ ರಿಟರ್ನ್ ಮಾಡದ ಮೇಡಂ ಈಗ ಮಾಡತೊಡಗಿದರು. ಮೊದಲ ದಿನವೇ ಆ ಡಬ್ಬಾದ ಹೆಂಗಸರ ಗುಂಪಿಗೆ ಹಿರಿಯಳಾದ, ಎಲ್ಲರೂ ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ಮರಾಠಿ ಹೆಂಗಸು ಅವರನ್ನು ಎಬ್ಬಿಸಲು ಬಂದಳಂತೆ. ಮೇಡಂ ಮಡಿಲಿನಲ್ಲಿದ್ದ ಪಾಠದ ಪ್ರಿಂಟೌಟನ್ನು ಎತ್ತಿ ತೋರಿಸಿದರಂತೆ. ಈ ವಯಸ್ಸಿನಲ್ಲಿ ಪರೀಕ್ಷೆಯೇ ಎಂದು ಮಾವಶಿ ಕೇಳಿದಳಂತೆ, ತಲೆಯಾಡಿಸಿದರಂತೆ. ಆಮೇಲೆ ಅವರ ಸೀಟನ್ನು ಯಾರೂ ಕೇಳಲಿಲ್ಲ.

ಲಿಖಿತ ಪರೀಕ್ಷೆಗಳು ಮುಗಿದವು. ಪ್ರತಿ ಪರೀಕ್ಷೆಗೂ ಜ್ವರ ಬಂದವರ ಹಾಗೆ ಹೋದರು, ಪ್ರತಿಯೊಂದರಲ್ಲೂ ಪಾಸಾದರು. ಉಳಿದದ್ದು ವೈವಾ.

ಆ ದಿನ ನಾನೂ ಡೊಂಬಿವಲಿಯ ಅವರ ಮನೆಯಲ್ಲಿದ್ದೆ. ಕಂಪ್ಯೂಟರ್ ಕೈಕೊಟ್ಟರೆ ಎಂಬ ಹೆದರಿಕೆಯಿಂದ ಕರೆಸಿದ್ದರು, ನನಗೆ ಅದರ ವಿದ್ಯೆ ಅವರಿಗಿಂತ ಹೆಚ್ಚೇನೂ ಗೊತ್ತಿಲ್ಲದಿದ್ದರೂ. ಪರೀಕ್ಷೆ ಕೊಡುವವರ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬುದು ನಿಯಮ. ಮೇಡಂ ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತರು. ಗಂಡ ಎಂದಿನಂತೆ ಹಾಲಿನಲ್ಲಿ ನಿದ್ದೆ. ನಾನು ಮತ್ತು ಅವರ ಮಗಳು ಅಡುಗೆಮನೆಯಲ್ಲಿ ನಿಂತಿದ್ದೆವು. ಡೊಂಬಿವಲಿಯಲ್ಲೇ ಹುಟ್ಟಿದ ಹುಡುಗಿ, ಆಗ ಕಾಲೇಜಿನಲ್ಲಿದ್ದಳು. ತಾಯಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವವಳು.

ಪರೀಕ್ಷಕರ ದನಿ ನಮಗೆ ಕೇಳಿಸಿತು. ಮೇಡಂ ದನಿ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಪರೀಕ್ಷಕರು, "ಮೇಡಂ, ಆವಾಜ್ ನಹೀ ಆ ರಹೀ ಹೈ," ದನಿ ಕೇಳಿಸುತ್ತಿಲ್ಲ ಎಂದರು. ಅವರು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದರು. ಹಾಲಿನಲ್ಲಿ ಸೋಫಾ ಕಿರುಗುಟ್ಟಿತು.

"ಮಮ್ಮಿ, ಮೋಠ್ಯಾನೆ ಬೋಲ್ ನಾ!" ಗಟ್ಟಿಯಾಗಿ ಮಾತಾಡು ಎಂದು ಮಗಳು ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದಳು.

ಆಗ ಕೇಳಿಸಿತು, ಒಳಗಿನಿಂದ ಬಂದ ಒಂದೇ ಒಂದು ಸದ್ದು: "ಶ್‌ಶ್‌ಶ್!"

ಕರೆ ಕಡಿದುಹೋಯಿತು. ಮೇಡಂ ಹೊರಗೆ ಬಂದು ಗೋಡೆ ಹಿಡಿದು ನಿಂತರು. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು.

"ಅವ್ರು ಜೋರು ಮಾಡಿದ್ರು. ಇವ್ರು ಏಳ್ತಾರೆ ಅಂತ ನನಗೆ..." ಆಮೇಲೆ ನಂಬಲಾಗದವರಂತೆ ನನ್ನನ್ನು ನೋಡಿ ಹೇಳಿದರು: "ನಾನು ಪರೀಕ್ಷಕರಿಗೆ ಬಾಯಿ ಮುಚ್ಚಿ ಅಂತ ಬೆರಳು ತೋರಿಸಿದೆ ಮಾರಾಯ್ರೆ. ಹೀಗೆ."

ಮಗಳು ನಗು ತಡೆಯಲು ಸಿಂಕಿನ ಕಡೆ ತಿರುಗಿದಳು. ನನಗೂ ನಗು ಬಂತು, ಆದರೆ ಅವರ ಮುಖ ನೋಡಿ ಅದು ಗಂಟಲಲ್ಲೇ ಉಳಿಯಿತು. ಅವರು ತುಟಿಯ ಮೇಲೆ ಬೆರಳಿಟ್ಟು ಕೂತಿರುವ, ಪರದೆಯಲ್ಲಿ ಪರೀಕ್ಷಕರು ಬೆಕ್ಕಸಬೆರಗಾಗಿರುವ ಚಿತ್ರ ನನ್ನ ಕಣ್ಣಮುಂದೆ ಈಗಲೂ ಸ್ಪಷ್ಟವಾಗಿದೆ. ನಾನು ಅಡುಗೆಮನೆಯಲ್ಲಿದ್ದೆ. ಅದನ್ನು ನೋಡಿರಲು ಸಾಧ್ಯವೇ ಇಲ್ಲ. ನೆನಪು ಹೀಗೆ ಇಲ್ಲದ ಕಡೆಯೂ ನುಗ್ಗಿ ಸೀಟು ಹಿಡಿಯುತ್ತದೆ.

ವಿಶ್ವವಿದ್ಯಾಲಯದಿಂದ ಮೇಲ್ ಬಂತು. ಅಭ್ಯರ್ಥಿಯ ಮಾತು ಕೇಳಿಸದ ಕಾರಣ ವೈವಾ ಪೂರ್ಣವಾಗಿಲ್ಲ, ಮುಂದಿನ ತಿಂಗಳು ಇನ್ನೊಂದು ಅವಕಾಶವಿದೆ. ಅದೂ ತಪ್ಪಿದರೆ ಮುಂದಿನ ತಂಡದ ಜೊತೆ. ಅಷ್ಟರಲ್ಲಿ ಸಮಿತಿ ಬಂದು ಹೋಗಿರುತ್ತಿತ್ತು.

"ನನಗೆ ಜೋರು ಮಾತಾಡ್ಲಿಕ್ಕೆ ಬರುದಿಲ್ಲ," ಎಂದರು ಮೇಡಂ, ಲೈಬ್ರರಿಯ ಕಪಾಟುಗಳ ನಡುವೆ ನಿಂತು. "ಚಿಕ್ಕದಿರುವಾಗ ಬರ್ತಿತ್ತು. ಗದ್ದೆಯ ಆಚೆ ಇರುವವರನ್ನು ಕರೀತಿದ್ದೆ. ಈಗ ಅದು ಎಲ್ಲಿಗೆ ಹೋಯ್ತೋ."

ಲೈಬ್ರರಿಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡುವ ಹಾಗಿಲ್ಲ. ಮನೆಯಲ್ಲೂ ಇಲ್ಲ. ಉಳಿದದ್ದು ಮತ್ತೆ ಅದೇ ರೈಲು. ಮಾವಶಿ ಈ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಳು. ಮಡಿಲಲ್ಲಿ ಬಟಾಣಿ ಸುಲಿಯುತ್ತ, ಮೇಡಂ ಕೊಟ್ಟ ಹಾಳೆಯಿಂದ ಪ್ರಶ್ನೆ ಓದುವಳು. ಮೇಡಂ ಎದುರಿನ ಸೀಟಿನಿಂದ ಉತ್ತರ ಹೇಳಬೇಕು. ರೈಲಿನ ಗಡಗಡವನ್ನು ಮೀರಿ ಕೇಳಿಸದಿದ್ದರೆ ಮತ್ತೆ ಮೊದಲಿನಿಂದ. ಹೆಂಗಸರ ಡಬ್ಬಾಕ್ಕೂ ನಮ್ಮದಕ್ಕೂ ನಡುವೆ ಕಬ್ಬಿಣದ ಜಾಲರಿ. ನಾನು ಕಲ್ಯಾಣದಲ್ಲಿ ಹತ್ತಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.

"ಘರೀ ಭಾಂಡತಾ ನಾ? ತಸಂ ಬೋಲಾ!" ಮನೆಯಲ್ಲಿ ಜಗಳ ಆಡುತ್ತೀರಲ್ಲ, ಹಾಗೆ ಮಾತಾಡಿ ಎಂದು ಮಾವಶಿ ಗದರಿಸುವುದು ನನಗೆ ಕೇಳಿಸುತ್ತಿತ್ತು.

"ಮೈ ಝಗಡಾ ನಹೀ ಕರತೀ," ನಾನು ಜಗಳ ಆಡುವವಳಲ್ಲ ಎಂದು ಮೇಡಂ.

"ಅರೇ ದೇವಾ! ತೋ ಆಜ್ ಸೇ ಕರೋ!" ಹಾಗಾದರೆ ಇವತ್ತಿನಿಂದ ಆಡಿ ಎಂದು ಮಾವಶಿ.

ಡಬ್ಬಾ ತುಂಬ ನಗು. ಹೇರ್‌ಕ್ಲಿಪ್ ಮಾರುವವಳೂ ನಿಂತು ಕೇಳುತ್ತಿದ್ದಳಂತೆ. ವರ್ಗೀಕರಣ ಏಕೆ ಬೇಕು, ಓದುಗರ ಸಮೀಕ್ಷೆ ಮಾಡುವುದು ಹೇಗೆ, ಇವೆಲ್ಲ ದಿವಾ ಮತ್ತು ಮುಂಬ್ರಾ ಸ್ಟೇಷನ್ನುಗಳ ನಡುವೆ ದಿನದಿನಕ್ಕೆ ಒಂದಿಷ್ಟು ಎತ್ತರದ ದನಿಯಲ್ಲಿ ಹೊರಬೀಳತೊಡಗಿದವು. ಮುಂಬ್ರಾದ ಸುರಂಗದೊಳಗೆ ರೈಲು ನುಗ್ಗಿದಾಗ, ಆ ಭೋರ್ಗರೆತದಲ್ಲಿ, ಒಂದು ದಿನ ಒಂದು ಹೆಣ್ಣುದನಿ ಜಾಲರಿಯನ್ನು ಸೀಳಿಕೊಂಡು ನನ್ನ ಕಿವಿಗೆ ಬಂತು. ಆ ದನಿ ಯಾರದೆಂದು ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮೈ ಜುಮ್ಮೆಂದಿತು. ಸಂತೋಷಕ್ಕೆ ಎಂದು ಹೇಳಲಾರೆ. ಇಷ್ಟು ವರ್ಷ ಪಕ್ಕದಲ್ಲಿ ಕೂತ ಮನುಷ್ಯರೊಳಗೆ ಇಂಥದೊಂದು ಮುಚ್ಚಿಕೊಂಡಿತ್ತು ಎಂಬುದೇ ನನ್ನನ್ನು ಹೆದರಿಸಿತು.

ಎರಡನೆಯ ವೈವಾಕ್ಕೆ ನನ್ನನ್ನು ಕರೆಯಲಿಲ್ಲ. "ನೀವು ಇದ್ರೆ ನಿಮ್ಮ ಮುಖದಲ್ಲಿ ಸಂಶಯ ಕಾಣ್ತದೆ, ಗೋಡೆ ಆಚೆ ಇದ್ರೂ," ಎಂದರು. ಮರುದಿನ ಅವರೇ ಹೇಳಿದ್ದು ಇದು: ಮೊದಲ ಉತ್ತರಕ್ಕೇ ಗಂಡ ಸೋಫಾದಿಂದ ದಡಬಡಿಸಿ ಎದ್ದು, ಪಂಚೆ ಕಟ್ಟಿಕೊಳ್ಳುತ್ತ, "ಯಾರ ಹತ್ರ ಜಗಳ? ಯಾರು ಬಂದದ್ದು?" ಎಂದು ಬಾಗಿಲ ತನಕ ಬಂದರಂತೆ. ಮಗಳು ತಡೆದು ನಿಲ್ಲಿಸಿದಳಂತೆ. ಬೆವರು ಕಾಲಿನ ತನಕ ಇಳಿಯುತ್ತಿತ್ತು, ಪರೀಕ್ಷಕರ ಮುಖವನ್ನು ಒಮ್ಮೆಯೂ ನೋಡಲಿಲ್ಲ, ಮಾವಶಿಯ ಬಟಾಣಿಯನ್ನೇ ನೆನೆಸಿಕೊಂಡೆ ಎಂದರು. ಪಾಸಾದರು.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಪ್ರಿನ್ಸಿಪಾಲರು ಸರ್ಟಿಫಿಕೇಟನ್ನು ತಿರುವಿ ನೋಡಿ, "ಆನ್‌ಲೈನ್ ಅಲ್ಲವೇ, ಸಮಿತಿ ಏನನ್ನುತ್ತದೋ," ಎಂದರು. ನಾನು ವರ್ಷದ ಹಿಂದೆ ಆಡಿದ ಮಾತನ್ನೇ ಅವರು ಆಡಿದ್ದರು. ಸಮಿತಿ ಬರುವವರೆಗಿನ ದಿನಗಳಲ್ಲಿ ಮೇಡಂ ಊಟದ ಡಬ್ಬಿಯನ್ನು ತೆರೆದು ಹಾಗೆಯೇ ಮುಚ್ಚುತ್ತಿದ್ದರು. ಪ್ರತಿ ಮುಂಜಾನೆ ಕುರ್ಚಿಯಲ್ಲಿ ಕೂರುವ ಮುನ್ನ ಒಂದು ಕ್ಷಣ ಅದರ ಬೆನ್ನು ಹಿಡಿದು ನಿಲ್ಲುವರು. ಇದನ್ನಂತೂ ನಾನು ನೋಡಿದ್ದೇನೆ.

ಸಮಿತಿಯ ಹಿರಿಯರೊಬ್ಬರು ಲೈಬ್ರರಿಗೆ ಬಂದು, ಕಾಗದಗಳನ್ನು ನೋಡುತ್ತ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟು, ಇದು ಆನ್‌ಲೈನ್ ಡಿಗ್ರಿಯೇ ಎಂದು ಕೇಳಿದರು.

"ಯೆಸ್ ಸರ್!" ಎಂದರು ಮೇಡಂ. ಓದುವ ಹಾಲಿನಲ್ಲಿ ಕೂತವರೆಲ್ಲ ತಲೆ ಎತ್ತಿದರು. ಆ ಲೈಬ್ರರಿಯಲ್ಲಿ ಅಷ್ಟು ಗಟ್ಟಿಯಾದ ಮಾತನ್ನು ಯಾರೂ ಕೇಳಿರಲಿಲ್ಲ. ಆ ಹಿರಿಯರು ಒಂದು ಕ್ಷಣ ಅವರನ್ನೇ ನೋಡಿ, ಕಾಗದವನ್ನು ಮರಳಿಸಿ, ನಿಯತಕಾಲಿಕಗಳ ವಿಭಾಗ ಎಲ್ಲಿದೆ ಎಂದು ಕೇಳಿದರು. ಅಷ್ಟೇ. ಕುರ್ಚಿ ಉಳಿಯಿತು.

ಅದರಲ್ಲಿ ಅವರು ಕೂತದ್ದು ಹೆಚ್ಚು ಕಾಲವಲ್ಲ. ಕೆಲವು ವರ್ಷಗಳ ನಂತರ ಒಂದು ಮಳೆಗಾಲದ ಜ್ವರ ಮೂತ್ರಪಿಂಡಕ್ಕೆ ಇಳಿಯಿತು. ಡೊಂಬಿವಲಿಯ ನರ್ಸಿಂಗ್ ಹೋಮಿಗೆ ನೋಡಲು ಹೋದೆ. ಕೈಗೆ ಸೂಜಿ ಚುಚ್ಚಿದ್ದರು. ಹೇಗಿದ್ದೀರಿ ಎಂದು ನಾನು ಕೇಳುವ ಮೊದಲೇ ಅವರು ಕೇಳಿದರು:

"ಸೇರಿದ್ರಾ?"

ನಾನು ಇನ್ನೂ ಎಂ.ಲಿಬ್.ಗೆ ಸೇರಿರಲಿಲ್ಲ. ಪ್ರತಿ ವರ್ಷವೂ ಒಂದೊಂದು ಅನುಮಾನ ಸಿಗುತ್ತಿತ್ತು. ಆ ವಿಶ್ವವಿದ್ಯಾಲಯ ಸರಿಯಿಲ್ಲ, ಈ ಪಠ್ಯಕ್ರಮ ಹಳತು, ನಿಯಮ ಮತ್ತೆ ಬದಲಾಗಬಹುದು. "ನೋಡ್ತೀನ್ರಿ ಮೇಡಂ," ಎಂದೆ.

ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. "ನೀವು ಅದಕ್ಕೆ ಸಂಶಯ ಅಂತ ಹೇಳ್ತೀರಿ. ನಾನು ಹೆದರಿಕೆ ಅಂತ ಹೇಳ್ತೇನೆ. ಎರಡೂ ಒಂದೇ ಮಾರಾಯ್ರೆ. ನಿಮ್ಮದು ಸ್ವಲ್ಪ ಓದಿದೆ, ಅಷ್ಟೇ." ನಂತರ ಸೂಜಿಯ ಕಡೆ ನೋಡಿ, "ಈಗ ನನಗೆ ತುಂಬಾ ಹೆದರಿಕೆ ಆಗ್ತದೆ," ಎಂದರು.

ಈ ಮಾತನ್ನು ಅವರು ಆಸ್ಪತ್ರೆಯಲ್ಲೇ ಹೇಳಿದರೋ, ಅದಕ್ಕೂ ಮೊದಲು ಲೈಬ್ರರಿಯಲ್ಲಿ ಯಾವಾಗಲೋ ಹೇಳಿದ್ದನ್ನು ನಾನು ಆ ಹಾಸಿಗೆಯ ಪಕ್ಕಕ್ಕೆ ತಂದು ಕೂರಿಸಿದ್ದೇನೆಯೋ, ಖಾತ್ರಿಯಿಲ್ಲ. ಕೊನೆಯ ವಾಕ್ಯ ಮಾತ್ರ ಅಲ್ಲಿಯದೇ. ಆಗಲೂ ನಾನು ಅವರ ಕೈ ಹಿಡಿಯಲಿಲ್ಲ. ಆ ವಾರ ಕಳೆಯುವ ಮುನ್ನ ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟದಲ್ಲಿ ಅವರ ಗಂಡ ನನ್ನ ಎಲೆಯ ಮುಂದೆ ನಿಂತು, ಬಡಿಸುವುದನ್ನು ಮರೆತು ಹೇಳಿದರು: "ಮಧ್ಯಾಹ್ನ ನಿದ್ದೆ ಬರುದಿಲ್ಲ ಈಗ. ಮನೆ ತುಂಬಾ ಸುಮ್ಮನಾಗಿದೆ."

ಕೆಲ ಕಾಲದ ಬಳಿಕ, ಖಾಲಿಯಾದ ಆ ಕುರ್ಚಿಗಾಗಿ, ಪ್ರಿನ್ಸಿಪಾಲರು ನನ್ನನ್ನು ಕರೆದು ಅದೇ ಮಾತುಗಳನ್ನು ಆಡಿದರು. ಅದೇ ಸಮಿತಿ, ಅದೇ ಎಂ.ಲಿಬ್. ಷರತ್ತು. ಮೇಡಂ ಓದಿದ ಕಡೆಯೇ ನಾನು ಸೇರಿದೆ. ನನ್ನ ಅನುಮಾನಗಳಲ್ಲಿ ಒಂದೂ ಪರಿಹಾರವಾಗಿರಲಿಲ್ಲ.

ವೈವಾದ ದಿನ ಕಲ್ಯಾಣದ ನನ್ನ ಕೋಣೆಯಲ್ಲಿ ಬಾಗಿಲು ಹಾಕಿ ಕೂತೆ. ನಾಲಿಗೆ ಒಣಗಿತ್ತು. ಪರದೆಯ ಮೇಲೆ ಬಂದ ಪರೀಕ್ಷಕಿ ನನ್ನ ಅರ್ಜಿ ನೋಡಿ, ನೀವು ಆಗಲೇ ಎಂ.ಎ. ಮಾಡಿದವರು, ನಿಮಗೆ ಇದೆಲ್ಲ ಸುಲಭವಿರಬೇಕು ಎಂದರು. ಹೌದು ಎನ್ನಲು ಬಾಯಿ ತೆರೆದೆ. ಇಡೀ ಜನ್ಮ ಅದನ್ನೇ ಅಂದುಕೊಂಡು ಬಂದಿದ್ದೆ.

"ಇಲ್ಲ ಮೇಡಂ," ಎಂದೆ. "ನನಗೆ ಬಹಳ ಭಯವಾಗುತ್ತಿದೆ."

ಅವರು ಕಾಗದದಿಂದ ತಲೆ ಎತ್ತಿ ನನ್ನನ್ನು ನೋಡಿದರು. ಒಂದು ಗುಟುಕು ನೀರು ಕುಡಿಯಿರಿ ಎಂದರು. ಕುಡಿದೆ. ಆಮೇಲೆ ಮೊದಲ ಪ್ರಶ್ನೆ ಕೇಳಿದರು.